ಪುಕ್ಕಟೆ ಬಂದ ಡಬ್ಬಾ ಟಿವಿಗೆ ಹೋಗೋ ದಾರಿ ಯಾವುದು?

ಉತ್ತಮಪಾಳಯಂ ಬಸ್‌ಸ್ಟ್ಯಾಂಡಿನಿಂದ ಕೊಂಬೈ ಕಡೆಗೆ ಹೋಗಿ, ಕಂಬಂ ಕಡೆಗೆ ಹೋಗಿ, ಯಾವ ಊರಲ್ಲಿ ಇಳಿದರೂ ಈಗ ಮನೆಯ ನಡುಗೋಡೆಯಲ್ಲಿ ಚಪ್ಪಟೆ ಟಿವಿ ತೂಗುತ್ತಿದೆ. ಎಲ್‌ಸಿಡಿ ಅನ್ನಿ, ಎಲ್‌ಇಡಿ ಅನ್ನಿ, ಒಟ್ಟಿನಲ್ಲಿ ಬೆನ್ನಿಲ್ಲದ ಟಿವಿ. ಶೀಟು ಹೊದಿಸಿದ ಒಂಟಿ ಕೋಣೆಯ ಮನೆಯಲ್ಲೂ ಇದೆ. ಬೇಡ ಅನ್ನೋಕೆ ನಾನ್ಯಾರು? ಬಂದದ್ದಕ್ಕೆ ನನ್ನ ತಕರಾರಿಲ್ಲ. ಹೋದದ್ದು ಎಲ್ಲಿಗೆ ಹೋಯಿತು ಅಂತ ಒಬ್ಬರೂ ಕೇಳುತ್ತಿಲ್ಲವಲ್ಲ, ತಕರಾರು ಅದಕ್ಕೆ. ಸರ್ಕಾರವೇ ನಮ್ಮ ಬಾಗಿಲಿಗೆ ತಂದುಕೊಟ್ಟ ಹಳೆ ಡಬ್ಬಾ ಟಿವಿಗಳನ್ನು ಸರ್ಕಾರವೇ ವಾಪಸ್ ತೆಗೆದುಕೊಂಡು ಹೋಗಬೇಕು. ಅದನ್ನು ವಾದಿಸೋಕೆ ಅಂತಲೇ ಈ ಬರಹ. ಓದೋಕೆ ಬರುವವರು ಓದಿ; ನಮ್ಮ ಮನೆಮಾತು ಕನ್ನಡವಾದರೂ ಶಾಲೆಯಲ್ಲಿ ತಮಿಳಷ್ಟೇ ಕಲಿತವರು ಬಹಳ ಜನ ಇದ್ದೀರಿ, ಅಂಥವರಿಗೆ ಪಕ್ಕದವರು ಓದಿ ಹೇಳಿ.

ಮೊದಲೇ ಒಂದು ಮಾತು ಇತ್ಯರ್ಥ ಮಾಡಿಬಿಡುತ್ತೇನೆ. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಟಿವಿ ರಿಪೇರಿ ಮಾಡಿದವನು. ಚಪ್ಪಟೆ ಟಿವಿ ಬಂದಮೇಲೆ ಆ ಕೆಲಸ ಬತ್ತಿತು. ಈಗ ಮೋಟಾರಿಗೆ ಕಾಯಿಲ್ ಸುತ್ತುತ್ತೇನೆ, ಮಿಕ್ಸಿ ಗ್ರೈಂಡರ್ ನೋಡುತ್ತೇನೆ. "ನಿಮ್ಮ ಹೊಟ್ಟೆಪಾಡು ಹೋಯಿತು ಅಂತ ಹಳೇ ಟಿವಿಗೆ ಅಳ್ತಿದ್ದೀರಿ" ಅಂತ ಒಬ್ಬರು ಮೇಷ್ಟ್ರು ಈ ಓದುಮನೆಯಲ್ಲೇ ನನ್ನ ಮುಖಕ್ಕೆ ಅಂದರು. ಇಲ್ಲ ಮೇಷ್ಟ್ರೇ. ಡಬ್ಬಾ ಟಿವಿ ಹೋಗಬೇಕಾದದ್ದೇ. ಅದನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಊರೂರು ತಿರುಗಿದ ಸೊಂಟ ನನ್ನದು. ಆಫ್ ಮಾಡಿ ಪ್ಲಗ್ ಕಿತ್ತಮೇಲೂ ಟ್ಯೂಬಿನಲ್ಲಿ ಉಳಿದ ಕರೆಂಟ್ ಹೊಡೆದು ಗೋಡೆಗೆ ಎಸೆದದ್ದು ನನ್ನ ಕೈಯನ್ನೇ. ಓಡುವಾಗ ಆ ಟ್ಯೂಬಿನ ಮೇಲೆ ಇಪ್ಪತ್ತು ಸಾವಿರ ವೋಲ್ಟಿಗೂ ಹೆಚ್ಚು ಇರುತ್ತದೆ. ಅದರ ಮೇಲೆ ನನಗೆ ಮೋಹ ಏನೂ ಇಲ್ಲ. ಒಳಗೆ ಏನಿದೆ ಅಂತ ನೋಡಿದವನು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರೋಕೆ ಆಗೋದಿಲ್ಲ.

ಆ ಟಿವಿ ನಮ್ಮ ಮನೆಗಳಿಗೆ ಹೇಗೆ ಬಂತು ಅಂತ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. 2006ರ ವಿಧಾನಸಭೆ ಚುನಾವಣೆಯಲ್ಲಿ ಡಿಎಂಕೆ ತನ್ನ ಪ್ರಣಾಳಿಕೆಯಲ್ಲಿ ಮನೆಗೊಂದು ಬಣ್ಣದ ಟಿವಿ ಅಂತ ಬರೆಯಿತು. ಗೆದ್ದಿತು. ಅದೇ ವರ್ಷ ಸೆಪ್ಟೆಂಬರ್ 15, ಅಣ್ಣಾದುರೈ ಹುಟ್ಟಿದ ದಿನ, ಮುಖ್ಯಮಂತ್ರಿ ಕರುಣಾನಿಧಿ ಯೋಜನೆ ಶುರುಮಾಡಿದರು. ಕೊಂಡದ್ದು ಸರ್ಕಾರದ್ದೇ ಆದ ಎಲ್ಕಾಟ್ ಸಂಸ್ಥೆ. 14 ಅಂಗುಲದ ಬಣ್ಣದ ಟಿವಿ. 2011ರಲ್ಲಿ ಸರ್ಕಾರ ಬದಲಾಗಿ ಯೋಜನೆ ನಿಲ್ಲುವ ಹೊತ್ತಿಗೆ ರಾಜ್ಯದಲ್ಲಿ ಸುಮಾರು 1 ಕೋಟಿ 60 ಲಕ್ಷ ಟಿವಿ ಹಂಚಿಯಾಗಿತ್ತು. ಪುಕ್ಕಟೆ ಕೊಡುವುದು ತಪ್ಪು ಅಂತ ಕೆಲವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಪ್ರಣಾಳಿಕೆಯ ಮಾತು ಲಂಚವಾಗುವುದಿಲ್ಲ ಅಂತ 2013ರ ಜುಲೈನಲ್ಲಿ ತೀರ್ಪು ಬಂತು.

ಪುಕ್ಕಟೆ ಅಂತ ಹಳಿಯುವವರ ಜೊತೆ ನಾನಿಲ್ಲ. ಹಳಿಯುವವರ ಮನೆಯಲ್ಲಿ ಆಗಲೇ ಟಿವಿ ಇತ್ತು. ದ್ರಾಕ್ಷಿ ತೋಟದಲ್ಲಿ ದಿನಗೂಲಿ ಮಾಡಿ ಬಂದ ಹೆಂಗಸರು ಮಂದಿಯ ಮನೆಯ ಜಗಲಿಯಲ್ಲಿ, ಕೆಲವು ಬೀದಿಯವರು ಜಗಲಿಯನ್ನೂ ಹತ್ತದೆ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದ ಕಾಲ ಅದು. ತಮ್ಮದೇ ಮನೆಯಲ್ಲಿ ಕಾಲು ಚಾಚಿ ಕೂತು ನೋಡೋದು ಸಣ್ಣ ಸಂಗತಿ ಅಲ್ಲ. ಕೊಟ್ಟದ್ದು ಒಳ್ಳೆಯದಾಯಿತು ಅಂತಲೇ ನಾನು ಈಗಲೂ ಅನ್ನುತ್ತೇನೆ.

ಆದರೆ ಒಂದು ಲೆಕ್ಕ ನೋಡಿ. 2007ರ ಕೊನೆಯ ಮೂರು ತಿಂಗಳಲ್ಲಿ ಇಡೀ ಪ್ರಪಂಚದಲ್ಲಿ ಮಾರಾಟವಾದ ಟಿವಿಗಳಲ್ಲಿ ಎಲ್‌ಸಿಡಿ ಟಿವಿಗಳ ಸಂಖ್ಯೆ ಡಬ್ಬಾ ಟಿವಿಗಳನ್ನು ಮೊದಲ ಸಲ ಹಿಂದೆ ಹಾಕಿತು. ನಮ್ಮಲ್ಲಿ ಲಾರಿ ಲಾರಿ ಡಬ್ಬಾ ಟಿವಿ ಇಳಿಯುತ್ತಿದ್ದದ್ದು ಅದೇ ಹೊತ್ತಿನಲ್ಲಿ. ಪ್ರಪಂಚ ಅದನ್ನು ಹೊರಗೆ ಇಡುತ್ತಿದ್ದಾಗ ನಾವು ಒಳಗೆ ತಂದುಕೊಂಡೆವು. ಎಲ್ಕಾಟ್ ಅಂದರೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ಇಲಾಖೆಯಲ್ಲ, ಅದರ ಹೆಸರಲ್ಲೇ ಎಲೆಕ್ಟ್ರಾನಿಕ್ಸ್ ಇದೆ. ಆಗ ಚಪ್ಪಟೆ ಟಿವಿಗೆ ಹತ್ತಾರು ಸಾವಿರ ರೂಪಾಯಿ, ಮನೆಗೊಂದು ಕೊಡೋಕೆ ಆಗುತ್ತಿರಲಿಲ್ಲ, ಒಪ್ಪಿದೆ. ಹಾಗಾದರೆ ಇದು ಕೊನೆಗಾಲ ಬಂದ ವಸ್ತು ಅಂತ ಗೊತ್ತಿದ್ದೇ ಕೊಟ್ಟರು ಅಂತಾಯಿತು. ಮುದಿ ಎತ್ತನ್ನು ದಾನ ಕೊಟ್ಟವನು ಅದು ಸತ್ತಾಗ ಹೂಳೋಕೆ ಜಾಗ ತೋರಿಸಬೇಡವೇ?

ಆಮೇಲೆ ಬಂದವರೂ ಕಡಿಮೆ ಏನಲ್ಲ. 2011ರಲ್ಲಿ ಬಂದ ಸರ್ಕಾರ ಟಿವಿ ನಿಲ್ಲಿಸಿ ಮಿಕ್ಸಿ, ಗ್ರೈಂಡರ್, ಫ್ಯಾನ್ ಕೊಟ್ಟಿತು, ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟಿತು. 2017ರಲ್ಲಿ ಅರಸು ಕೇಬಲ್‌ನಿಂದ ಸೆಟ್‌ಟಾಪ್ ಬಾಕ್ಸ್ ಬಂತು. ಒಬ್ಬರು ಕೊಟ್ಟ ಟಿವಿಗೆ ಇನ್ನೊಬ್ಬರು ಕೊಟ್ಟ ಬಾಕ್ಸ್ ಸಿಕ್ಕಿಸಿಕೊಂಡು ನಾವು ಸೀರಿಯಲ್ ನೋಡಿದೆವು. ಈ ಐದು ವಸ್ತುಗಳೂ ಒಂದು ದಿನ ಕೆಡುತ್ತವೆ. ಕೊಡುವ ದಿನ ಮೇಜು, ಶಾಮಿಯಾನ, ಫೋಟೋ, ಎಲ್ಲ ಇರುತ್ತದೆ. ಕೆಟ್ಟ ದಿನಕ್ಕೆ ಯಾವ ಪಕ್ಷದ ಹತ್ತಿರವೂ ಒಂದು ಸಾಲು ಆದೇಶವಿಲ್ಲ.

ಈಗ ಒಳಗಿನ ಮಾತು. ಡಬ್ಬಾ ಟಿವಿಯ ಬೆನ್ನು ಅಷ್ಟು ಉಬ್ಬಿರುವುದು ಪಿಕ್ಚರ್ ಟ್ಯೂಬ್ ಇರುವುದರಿಂದ. ಅದು ಗಾಳಿ ತೆಗೆದ ದೊಡ್ಡ ಗಾಜಿನ ಬುರುಡೆ. ಹಿಂದಿನ ಕುತ್ತಿಗೆಯಿಂದ ಎಲೆಕ್ಟ್ರಾನುಗಳು ಚಿಮ್ಮಿ ಬಂದು ಮುಂದಿನ ಗಾಜಿನ ಒಳಮೈಗೆ ಬಳಿದ ಪುಡಿಗೆ ಬಡಿದಾಗ ಬಣ್ಣ ಹೊಳೆಯುತ್ತದೆ. ಜರ್ಮನಿಯ ಬ್ರೌನ್ ಎಂಬ ವಿಜ್ಞಾನಿ 1897ರಲ್ಲಿ ಮಾಡಿದ ಕೊಳವೆಯ ಮೊಮ್ಮಗ ಇದು. ಎಲೆಕ್ಟ್ರಾನ್ ಹಾಗೆ ಜೋರಾಗಿ ಬಡಿದಾಗ ಸ್ವಲ್ಪ ಎಕ್ಸ್‌ರೇ ಹುಟ್ಟುತ್ತದೆ. ಅದು ನೋಡುವವರ ಮೈಗೆ ತಾಗಬಾರದು ಅಂತ ಗಾಜಿಗೆ ಸೀಸ ಬೆರೆಸುತ್ತಾರೆ. ಮುಂದಿನ ಗಾಜಿಗೆ ಹೆಚ್ಚಾಗಿ ಬೇರಿಯಂ, ಸ್ಟ್ರಾನ್ಷಿಯಂ; ಹಿಂದಿನ ಆಲಿಕೆ ಆಕಾರದ ಗಾಜಿಗೆ ಸೀಸ. ಆ ಆಲಿಕೆಯ ತೂಕದಲ್ಲಿ ಐದರಲ್ಲಿ ಒಂದು ಪಾಲಿಗೂ ಮೇಲೆ ಸೀಸದ ಆಕ್ಸೈಡ್ ಇರುತ್ತದೆ.

ಆ ಪ್ರಮಾಣ ಎಂಥದ್ದು ಅಂತ ಮೇಷ್ಟ್ರುಗಳು ಮಕ್ಕಳಿಗೆ ಹೀಗೆ ಹೇಳಬಹುದು. ಮನೆಯ ಗೋಡೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಅಂತ ನಮ್ಮ ದೇಶದಲ್ಲಿ ನಿಯಮವಿದೆ, 2017ರ ನವೆಂಬರಿನಿಂದ ಜಾರಿಯಲ್ಲಿದೆ. ಪೆಟ್ರೋಲಿನಿಂದ ಸೀಸ ತೆಗೆಯೋಕೆ 2000ದ ಇಸವಿಯವರೆಗೆ ಬೇಕಾಯಿತು. ಅಷ್ಟು ಎಚ್ಚರ ವಹಿಸಬೇಕಾದ ವಸ್ತು ಅರ್ಧ ಕಿಲೋ ಲೆಕ್ಕದಲ್ಲಿ ನಮ್ಮ ಅಟ್ಟದ ಮೇಲೆ, ದನದ ಕೊಟ್ಟಿಗೆಯ ಮೂಲೆಯಲ್ಲಿ ಕೂತಿದೆ. ಅರ್ಧ ಕಿಲೋ ಅನ್ನುವುದು ನನ್ನ ಅಂದಾಜು. ಹಾಗೆ ಹಿಡಿದರೆ ಆ ಒಂದೇ ಯೋಜನೆಯ ಟಿವಿಗಳಲ್ಲಿ 80 ಲಕ್ಷ ಕಿಲೋ, ಅಂದರೆ ಎಂಟು ಸಾವಿರ ಟನ್ ಸೀಸವನ್ನು ಸರ್ಕಾರ ರೇಷನ್ ಕಾರ್ಡ್ ನೋಡಿ ನೋಡಿ ಹಂಚಿದೆ.

ಹೆದರಬೇಡಿ. ಇಡಿಯಾಗಿ ಇರುವ ಟಿವಿಯಿಂದ ಏನೂ ಆಗೋದಿಲ್ಲ. ಸೀಸ ಗಾಜಿನೊಳಗೆ ಕಟ್ಟಿಬಿದ್ದಿದೆ, ಗಾಳಿಗೆ ಹಾರುವುದಿಲ್ಲ. ನಿಮ್ಮ ಅಜ್ಜಿ ಅದರ ಮೇಲೆ ದೇವರ ಫೋಟೋ ಇಟ್ಟು ಊದುಬತ್ತಿ ಹಚ್ಚಿದ್ದರೆ ಹಚ್ಚಿಕೊಳ್ಳಲಿ. ಅಪಾಯ ಶುರುವಾಗುವುದು ಅದನ್ನು ಒಡೆದಾಗ.

ಒಡೆಯುವುದು ಎಲ್ಲಿ? ತಮಿಳಿನಲ್ಲಿ ಕಾಯಲಾಂಕಡೈ ಅನ್ನುತ್ತಾರಲ್ಲ, ಆ ಗುಜರಿ ಅಂಗಡಿಯಲ್ಲಿ. ನೂರು ರೂಪಾಯಿ ಆಚೀಚೆ ಕೊಟ್ಟು ಟಿವಿ ಹೊತ್ತುಕೊಂಡು ಹೋಗುತ್ತಾರೆ. ಅವರಿಗೆ ಬೇಕಾದದ್ದು ಟ್ಯೂಬಿನ ಕುತ್ತಿಗೆಗೆ ಸುತ್ತಿರುವ ಯೋಕ್ ಕಾಯಿಲಿನ ತಾಮ್ರ. ಕಾಲು ಕಿಲೋ ಸಿಕ್ಕಿದರೆ ಹೆಚ್ಚು. ಆಮೇಲೆ ಹೊರಗಿನ ಪ್ಲಾಸ್ಟಿಕ್ಕು, ಒಳಗಿನ ಬೋರ್ಡು. ಸುತ್ತಿಗೆಯಿಂದ ಕುತ್ತಿಗೆಗೆ ಒಂದು ಏಟು, ಬುಸ್ ಅಂತ ಗಾಳಿ ಒಳನುಗ್ಗುತ್ತದೆ, ಯೋಕ್ ಕಿತ್ತುಕೊಂಡು ಗಾಜನ್ನು ಹಿಂದಕ್ಕೆ ಎಸೆಯುತ್ತಾರೆ. ಕೆಲವು ಸಲ ವೈರಿನ ಪ್ಲಾಸ್ಟಿಕ್ ಸುಡೋಕೆ ಬೆಂಕಿ. ಬರಿಗೈ, ಬರಿಗಾಲು, ಮೂಗಿಗೆ ಬಟ್ಟೆಯೂ ಇಲ್ಲ. ಒಳಮೈಯ ಪುಡಿ ಅವರ ಅಂಗೈಗೆ ಹಿಟ್ಟಿನ ಹಾಗೆ ಅಂಟಿರುತ್ತದೆ. ಅದೇ ಕೈಯಲ್ಲಿ ಬೀಡಿ, ಅದೇ ಕೈಯಲ್ಲಿ ವಡೆ.

ಅವರನ್ನು ಬೈಯೋದು ಸುಲಭ. ನಾನು ಬೈಯೋದಿಲ್ಲ. ಒಬ್ಬರನ್ನು ಕೇಳಿದೆ, "ಗಾಜನ್ನೂ ಮಾರಬಾರದಾ?" ಅವರು ನಕ್ಕರು. "ಯಾರು ತಕೊಳ್ತಾರೆ ಅಣ್ಣೇ? ಬೀರ್ ಬಾಟ್ಲಿಗೆ ಬೆಲೆ ಇದೆ, ಇದಕ್ಕೆ ಇಲ್ಲ" ಅಂದರು. ನಿಜವೇ. ಮೊದಲು ಬೆಲೆ ಇತ್ತು. ಹಳೇ ಟ್ಯೂಬಿನ ಗಾಜು ಕರಗಿಸಿ ಹೊಸ ಟ್ಯೂಬಿಗೇ ಹಾಕುತ್ತಿದ್ದರು. ಸೀಸದ ಗಾಜು ಬೇಕಾಗಿದ್ದದ್ದು ಸೀಸದ ಗಾಜಿನ ಟ್ಯೂಬಿಗೆ. ಹಳೇ ಟ್ಯೂಬಿಗೆ ಹೊಸ ಗನ್ ಕೂರಿಸಿ ಮತ್ತೆ ಮಾರುವ ಕೆಲಸವೂ ಇತ್ತು. ನಮ್ಮ ದೇಶದಲ್ಲಿ ಟ್ಯೂಬ್ ಮಾಡುವ ಕಾರ್ಖಾನೆಗಳೂ ಇದ್ದವು, ಬೆಂಗಳೂರಿನ ಬಿಇಎಲ್‌ನಲ್ಲೇ ಕಪ್ಪುಬಿಳುಪು ಟಿವಿಯ ಟ್ಯೂಬ್ ತಯಾರಾಗುತ್ತಿತ್ತು. ಚಪ್ಪಟೆ ಟಿವಿ ಬಂದದ್ದೇ ಟ್ಯೂಬ್ ಕಾರ್ಖಾನೆಗಳು ಮುಚ್ಚಿದವು, ಹಳೇ ಗಾಜಿಗೆ ಗಿರಾಕಿಯೇ ಇಲ್ಲವಾಯಿತು. ಅಂದರೆ ಹೊಸ ಟಿವಿ ಹಳೆಯದನ್ನು ಮನೆಯಿಂದ ಹೊರಗೆ ಹಾಕಿದ್ದಷ್ಟೇ ಅಲ್ಲ, ಅದು ಹೋಗಿ ಸೇರುತ್ತಿದ್ದ ಮನೆಯ ಬಾಗಿಲನ್ನೂ ಮುಚ್ಚಿತು. ಈ ಸಂಗತಿಯನ್ನು ಟಿವಿ ಅಂಗಡಿಯವರಾಗಲಿ ಸರ್ಕಾರದವರಾಗಲಿ ಹೇಳುವುದನ್ನು ನಾನು ಕೇಳಿಲ್ಲ.

ಬೆಲೆ ಇಲ್ಲದ ಗಾಜು ಎಲ್ಲಿ ಹೋಗುತ್ತದೆ ಅಂತ ಕಾಲುವೆ ದಂಡೆಯಲ್ಲಿ ನಡೆದವರಿಗೆ ಗೊತ್ತು. ಮುಲ್ಲೈಪೆರಿಯಾರಿನ ನೀರು ಸುರಂಗ ದಾಟಿ ಲೋಯರ್ ಕ್ಯಾಂಪಿಗೆ ಇಳಿದು, ಅಲ್ಲಿಂದ ಪಳನಿಚೆಟ್ಟಿಪಟ್ಟಿಯವರೆಗೆ 14,707 ಎಕರೆ ಎರಡು ಬೆಳೆಯ ಗದ್ದೆಗೆ ಹರಿಯುತ್ತದೆ. ಮುಂದೆ ವೈಗೈ ಸೇರಿ ಮದುರೆಯವರ ಕೊಡಕ್ಕೂ ಹೋಗುತ್ತದೆ. ಪೆನ್ನಿಕ್ವಿಕ್ ಅಣೆಕಟ್ಟು ಮುಗಿಸಿದ್ದು 1895ರಲ್ಲಿ. ಇವತ್ತಿಗೂ ನಾವು ಮಕ್ಕಳಿಗೆ ಅವರ ಹೆಸರಿಡುತ್ತೇವೆ, ಪೊಂಗಲ್ ಇಡುತ್ತೇವೆ. ಆ ನೀರಿನ ಕಾಲುವೆಯ ದಂಡೆಗೆ ಹೊತ್ತು ಮುಳುಗಿದಮೇಲೆ ಚೀಲಗಟ್ಟಲೆ ಟ್ಯೂಬ್ ಗಾಜು ಸುರಿಯುವವರೂ ನಾವೇ. ಅಣೆಕಟ್ಟಿನ ನೀರಿನ ಮಟ್ಟ 142 ಅಡಿಯೋ 152 ಅಡಿಯೋ ಅಂತ ಬೀದಿಗಿಳಿದು ಜಗಳಾಡಿದ ಜನ ನಾವು. ಸಿಕ್ಕಿದ ನೀರಿಗೆ ಏನು ಬೆರೆಸುತ್ತಿದ್ದೇವೆ ಅಂತಲೂ ಒಂದು ಜಗಳ ಆಗಲಿ.

"ಗಾಜಿನಲ್ಲಿ ಕಟ್ಟಿಬಿದ್ದ ಸೀಸ ನೀರಿಗೆ ಹೇಗೆ ಬರುತ್ತೆ?" ಅಂತ ವಿಜ್ಞಾನದ ಮೇಷ್ಟ್ರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ, ನಾನೂ ಹುಡುಕಿ ಓದಿದೆ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದವರು 2000ದ ಇಸವಿಯಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಟ್ಯೂಬ್ ಗಾಜನ್ನು ಚೂರುಮಾಡಿ, ಕಸದ ಗುಂಡಿಯಲ್ಲಿ ಇರುವಂಥ ಹುಳಿ ನೀರಿನಲ್ಲಿ ಹಾಕಿ ತಿರುಗಿಸಿ ನೋಡಿದಾಗ ಸರಾಸರಿ ಲೀಟರಿಗೆ 18.5 ಮಿಲಿಗ್ರಾಂ ಸೀಸ ಬಸಿದು ಬಂತು. ಅಲ್ಲಿಯ ಕಾನೂನಿನ ಮಿತಿ 5 ಮಿಲಿಗ್ರಾಂ. ಬರೀ ಹೊಳೆ ನೀರಿನಲ್ಲಿ ಅಷ್ಟು ಬಾರದಿರಬಹುದು. ಆದರೆ ನಮ್ಮ ಕಾಲುವೆ ದಂಡೆ ಬರೀ ಹೊಳೆ ನೀರಿನದ್ದಾ? ಕೊಳೆತ ಬಾಳೆ ದಿಂಡು, ಕಸಾಯಿ ಅಂಗಡಿಯ ಕಸ, ಮನೆಯ ಎಂಜಲು, ಎಲ್ಲ ಅದೇ ಗುಡ್ಡೆಯಲ್ಲಿ ಹುಳಿಯುತ್ತಿದೆ. ಇನ್ನು ಗಾಜು ಒಡೆಯುವಾಗ ಏಳುವ ಧೂಳಿಗೆ ನೀರಿನ ಹಂಗೂ ಇಲ್ಲ, ನೇರ ಮೂಗಿಗೆ ಹೋಗುತ್ತದೆ. ಮಕ್ಕಳ ರಕ್ತದಲ್ಲಿ ಸೀಸಕ್ಕೆ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಮಿದುಳಿಗೆ ಹೊಡೆಯುತ್ತದೆ, ಕಲಿಯುವ ಶಕ್ತಿ ತಗ್ಗಿಸುತ್ತದೆ. ಗುಜರಿ ಅಂಗಡಿಯ ಹಿಂದೆ ಆಡುವ ಮಗು ನಾಳೆ ನಿಮ್ಮದೇ ತರಗತಿಯಲ್ಲಿ ಕೂರುತ್ತದೆ ಮೇಷ್ಟ್ರೇ. ದಡ್ಡ ಅಂತ ಕಿವಿ ಹಿಂಡುವ ಮೊದಲು ಅದರ ಮನೆ ಎಲ್ಲಿ ಅಂತ ಕೇಳಿ.

ಇನ್ನು ಟಿವಿ ಮಾರುವವರ ಮಾತು. "ಹಳೇ ಟಿವಿ ತನ್ನಿ, ಸಾವಿರ ರೂಪಾಯಿ ಕಡಿಮೆ ಮಾಡ್ತೀವಿ" ಅಂತ ಹಬ್ಬಕ್ಕೆ ಬ್ಯಾನರ್ ಕಟ್ಟುತ್ತಾರೆ. ಜನ ನಂಬುತ್ತಾರೆ, ಅಂಗಡಿಯವನು ತಗೊಂಡ ಅಂದಮೇಲೆ ಅದು ಸರಿಯಾದ ಜಾಗಕ್ಕೆ ಹೋಗುತ್ತದೆ ಅಂತ. ಹಾಗೆ ತಗೊಂಡ ಟಿವಿಗಳನ್ನು ಒಂದು ಅಂಗಡಿಯ ಹುಡುಗರು ಸಂಜೆ ಮೂರುಗಾಲಿ ಗಾಡಿಗೆ ತುಂಬಿ ಅದೇ ಗುಜರಿ ಅಂಗಡಿಗೆ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾವ ಅಂಗಡಿ ಅಂತ ಬರೆಯೋದಿಲ್ಲ, ಅದೊಂದೇ ಹಾಗೆ ಮಾಡುತ್ತದೆ ಅಂತ ನಾನು ನಂಬೋದೂ ಇಲ್ಲ. ಸಾವಿರ ರೂಪಾಯಿ ಕಡಿತ ಹಳೇ ಟಿವಿಗೆ ಕೊಟ್ಟ ಬೆಲೆಯಲ್ಲ, ಹೊಸ ಟಿವಿಯ ಬೆಲೆಯಲ್ಲಿ ಮೊದಲೇ ಸೇರಿಸಿಟ್ಟ ಲೆಕ್ಕ.

"ಕರೆಂಟ್ ಬಿಲ್ ಅರ್ಧ ಆಗುತ್ತೆ" ಅನ್ನುವುದು ಇನ್ನೊಂದು. ಲೆಕ್ಕ ಹಾಕೋಣ. 14 ಅಂಗುಲದ ಡಬ್ಬಾ ಟಿವಿಗೆ 60 ವಾಟ್ ಹಿಡಿಯಿರಿ, 24 ಅಂಗುಲದ ಎಲ್‌ಇಡಿ ಟಿವಿಗೆ 35 ಹಿಡಿಯಿರಿ. ಉಳಿಯೋದು 25 ವಾಟ್. ದಿನಕ್ಕೆ ನಾಲ್ಕು ಗಂಟೆ ನೋಡಿದರೆ ಎರಡು ತಿಂಗಳ ಬಿಲ್ಲಿನಲ್ಲಿ ಆರು ಯೂನಿಟ್. ನಮ್ಮ ರಾಜ್ಯದಲ್ಲಿ ಮನೆಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಹೇಗೂ ಪುಕ್ಕಟೆ. ಆರು ಯೂನಿಟ್ಟಿಗೆ ಬಿಲ್ ಅರ್ಧವಾಗುವ ಮನೆ ಯಾವುದೋ ನನಗೆ ತೋರಿಸಿ. ಅದೂ ಜನ 24ಕ್ಕೆ ನಿಲ್ಲುವುದಿಲ್ಲ, 43 ಅಂಗುಲ ತರುತ್ತಾರೆ, ಉಳಿತಾಯ ಅಲ್ಲಿಗೇ ಮುಗಿಯಿತು.

ಚಪ್ಪಟೆ ಟಿವಿ ಶುದ್ಧ ಅಂತಲೂ ತಿಳಿಯಬೇಡಿ. ಪ್ರಾಗ್ ನಗರದಲ್ಲಿ ರೈನಿಟ್ಸರ್ ಎಂಬ ಸಸ್ಯಶಾಸ್ತ್ರಜ್ಞ 1888ರಲ್ಲಿ ಕ್ಯಾರೆಟ್ಟಿನಿಂದ ತೆಗೆದ ಒಂದು ವಸ್ತುವನ್ನು ಕಾಯಿಸುವಾಗ ಅದು ಎರಡು ಸಲ ಕರಗಿದ ಹಾಗೆ ಕಂಡಿತು, ದ್ರವ ಹರಳು ಅನ್ನೋದು ಗೊತ್ತಾದದ್ದು ಹಾಗೆ. (ಮಕ್ಕಳಿಗೆ ಹೇಳೋಕೆ ಚೆನ್ನಾಗಿರುತ್ತೆ ಅಂತ ಬರೆದೆ.) ಆ ದ್ರವ ಹರಳಿಗೆ ಸ್ವಂತ ಬೆಳಕಿಲ್ಲ. ಅದು ಬರೀ ಬಾಗಿಲು, ತೆರೆಯುತ್ತದೆ, ಮುಚ್ಚುತ್ತದೆ. ಬೆಳಕು ಹಿಂದಿನಿಂದ ಬರಬೇಕು. ಮೊದಮೊದಲ ಎಲ್‌ಸಿಡಿಗಳಲ್ಲಿ ಆ ಬೆಳಕಿಗೆ ಪೆನ್ಸಿಲಿಗಿಂತ ಸಣ್ಣ ಟ್ಯೂಬ್‌ಲೈಟುಗಳಿದ್ದವು, ಅವುಗಳಲ್ಲಿ ಪಾದರಸ ಇತ್ತು. ಈಗಿನವುಗಳಲ್ಲಿ ಎಲ್‌ಇಡಿ ಪಟ್ಟಿ, ಪಾದರಸ ಇಲ್ಲ. ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು. ಆದರೆ ಬಾಳಿಕೆ ನೋಡಿ. ಪುಕ್ಕಟೆ ಟಿವಿಯನ್ನು ನಾನು ಹತ್ತು ಹನ್ನೆರಡು ವರ್ಷ ಓಡಿಸಿಕೊಟ್ಟಿದ್ದೇನೆ, ಒಂದು ಕೆಪಾಸಿಟರ್, ಒಂದು ಟ್ರಾನ್ಸಿಸ್ಟರ್, ಹೆಚ್ಚೆಂದರೆ ಒಂದು ಫ್ಲೈಬ್ಯಾಕ್ ಬದಲಿಸಿ. ಚಪ್ಪಟೆ ಟಿವಿಯಲ್ಲಿ ಹಿಂದಿನ ಎಲ್‌ಇಡಿ ಪಟ್ಟಿ ಹೋದರೆ ಬದಲಿಸಬಹುದು. ಪ್ಯಾನೆಲ್‌ಗೆ ಏಟು ಬಿದ್ದರೆ ಮುಗಿಯಿತು. ಪ್ಯಾನೆಲ್ ಬೆಲೆ ಹೊಸ ಟಿವಿಯ ಹತ್ತಿರ ಹತ್ತಿರ. ಮಗು ಎಸೆದ ಒಂದು ಚೆಂಡು ಸಾಕು. ಐಪ್ಪಸಿ ತಿಂಗಳಲ್ಲಿ ಬೆಟ್ಟದ ಮೇಲೆ ಒಂದು ಮಿಂಚು ಹೊಡೆದರೂ ಸಾಕು. ಡಬ್ಬಾ ಟಿವಿಗೆ ಮಾಡಿದ ಹಾಗೇ ಇದಕ್ಕೂ ಮಾಡಿದರೆ ಇನ್ನು ಕೆಲವೇ ವರ್ಷಕ್ಕೆ ಅದೇ ದಂಡೆಯಲ್ಲಿ ಇದರ ಗುಡ್ಡೆಯನ್ನೂ ನೋಡುತ್ತೇವೆ.

ಕಾನೂನು ಇಲ್ಲವಾ? ಇದೆ. ಎಲೆಕ್ಟ್ರಾನಿಕ್ ಕಸದ ನಿಯಮ 2011ರಲ್ಲಿ ಬಂತು, 2012ರ ಮೇ 1ರಿಂದ ಜಾರಿ. ಟಿವಿ ನಿಲ್ಲಿಸಿದ ಮರುವರ್ಷವೇ. ತಯಾರಿಸಿದವರೇ ಹಳೇ ವಸ್ತುವಿಗೂ ಹೊಣೆ ಅಂತ ಅದರಲ್ಲಿ ಬರೆದಿದೆ. 2016ರಲ್ಲಿ ಬಿಗಿ ಮಾಡಿದರು, 2022ರಲ್ಲಿ ಮತ್ತೆ ಹೊಸದಾಗಿ ಬರೆದರು, ಅದು 2023ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಟಿವಿಯ ಹಿಂದೆ ಇರುವ ಹೆಸರಿನ ಕಂಪನಿ ಈಗ ಟಿವಿಯನ್ನೇ ಮಾಡದಿದ್ದರೆ? ಅಂಥ ವಾರಸುದಾರರಿಲ್ಲದ ವಸ್ತುಗಳನ್ನು ಸ್ಥಳೀಯ ಸಂಸ್ಥೆಯವರು ಸಂಗ್ರಹಿಸಿ ನೋಂದಾಯಿತ ಮರುಬಳಕೆ ಘಟಕಕ್ಕೆ ಕಳಿಸಬೇಕು ಅಂತಲೂ ನಿಯಮದಲ್ಲಿದೆ. ನಮ್ಮ ಬೀದಿಗೆ ಕಸ ಒಯ್ಯಲು ಬರುವ ಗಾಡಿಯವರನ್ನು ಕೇಳಿದೆ. ಒಣ ಕಸ, ಹಸಿ ಕಸ ಎರಡೇ ಗೊತ್ತು ಅಂದರು. ಪಾಪ, ಅವರಿಗೆ ಮೂರನೆಯದನ್ನು ಹೇಳಿಕೊಟ್ಟವರು ಯಾರು?

ಶಾಲೆಗಳ ಕಥೆ ಬೇರೆ. ಮೇಷ್ಟ್ರುಗಳು ಬೇಜಾರು ಮಾಡಿಕೊಳ್ಳಬಾರದು. ಕಂಪ್ಯೂಟರ್ ಕೋಣೆಗೆ ಚಪ್ಪಟೆ ಮಾನಿಟರ್ ಬಂದಮೇಲೆ ಹಳೇ ಡಬ್ಬಾ ಮಾನಿಟರುಗಳು ಮೆಟ್ಟಿಲ ಕೆಳಗೆ, ಬಿಸಿಯೂಟದ ಉಗ್ರಾಣದ ಪಕ್ಕ ಸಾಲಾಗಿ ಕೂತಿರುವುದನ್ನು ನಾನು ನೋಡಿದ್ದೇನೆ. ದಾಸ್ತಾನು ಪುಸ್ತಕದಲ್ಲಿ ಹೆಸರಿದೆ, ಆದ್ದರಿಂದ ಎಸೆಯುವ ಹಾಗಿಲ್ಲ. ಮೇಲಿನಿಂದ ಅನುಮತಿ ಬಾರದು, ಆದ್ದರಿಂದ ಕೊಡುವ ಹಾಗೂ ಇಲ್ಲ. ಇದನ್ನು ಎಲ್ಲರೂ ಆಡಿಕೊಂಡು ನಗುತ್ತಾರೆ. ನಾನು ಮಾತ್ರ ಆ ದಾಸ್ತಾನು ಪುಸ್ತಕಕ್ಕೆ ಕೈಮುಗಿಯುತ್ತೇನೆ. ಇಡೀ ತಾಲೂಕಿನಲ್ಲಿ ಟ್ಯೂಬುಗಳು ಒಡೆಯದೆ ಇಡಿಯಾಗಿ ಉಳಿದಿರುವ ಜಾಗ ಅದೊಂದೇ ಇರಬೇಕು. ಸ್ಥಳ ಸಾಲದು ಅಂತ ಹರಾಜಿಗೆ ಹಾಕಿಬಿಡಬೇಡಿ. ಹರಾಜು ಕೂಗುವವರು ಯಾರು ಅಂತ ನಿಮಗೂ ಗೊತ್ತು, ಅದೇ ಸುತ್ತಿಗೆ. ಯಾರಿಗೆ ಕೊಡಬೇಕು ಅಂತ ಬರೆದು ಕೇಳಿ, ಕೇಳಿದ ಕಾಗದದ ನಕಲು ಇಟ್ಟುಕೊಳ್ಳಿ.

"ಹಳ್ಳಿ ಹಳ್ಳಿಗೆ ಬಂದು ಹಳೇ ಟಿವಿ ಎತ್ತೋಕೆ ಸರ್ಕಾರದಿಂದ ಆಗುತ್ತಾ?" ಅನ್ನುವವರಿಗೆ ನನ್ನ ಉತ್ತರ ಇಷ್ಟೇ. ಐದು ವರ್ಷದಲ್ಲಿ 1 ಕೋಟಿ 60 ಲಕ್ಷ ಟಿವಿ ತಂದು ಹಂಚೋಕೆ ಆಯಿತಲ್ಲ? ಬೆಟ್ಟದ ಮೇಲಿನ ಹೈವೇವಿಸ್, ಮೇಘಮಲೈ ಎಸ್ಟೇಟಿನ ಲೈನ್ ಮನೆಯವರೂ ಇದೇ ರಾಜ್ಯದ ರೇಷನ್ ಕಾರ್ಡಿನವರು. ಯಾರಿಗೆ ಕೊಟ್ಟಿದ್ದೇವೆ ಅನ್ನುವ ಪಟ್ಟಿ ಆಗ ಸರ್ಕಾರವೇ ಬರೆಸಿತು, ಕಾರ್ಡ್ ನಂಬರ್ ಸಮೇತ. ಯಾವ ಊರಿಗೆ ಎಷ್ಟು ಹೋಯಿತು ಅಂತ ಅವರಿಗೆ ಗೊತ್ತಿರುವಷ್ಟು ನಮಗೂ ಗೊತ್ತಿಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗಲಿ. ವರ್ಷಕ್ಕೆ ಎರಡು ದಿನ ರೇಷನ್ ಅಂಗಡಿಯ ಮುಂದೆ ಒಂದು ಲಾರಿ ನಿಲ್ಲಿಸಲಿ. ಇಡಿಯಾಗಿ, ಟ್ಯೂಬ್ ಒಡೆಯದೆ ತಂದುಕೊಟ್ಟವರಿಗೆ ಗುಜರಿಯವರು ಕೊಡುವುದಕ್ಕಿಂತ ಐವತ್ತು ರೂಪಾಯಿ ಹೆಚ್ಚು ಕೊಡಲಿ. ಗುಜರಿ ಅಂಗಡಿಯವರನ್ನೇ ಕೂಲಿಗೆ ಹಚ್ಚಿಕೊಳ್ಳಲಿ, ಅವರಷ್ಟು ಚೆನ್ನಾಗಿ ಮನೆಮನೆ ಬಲ್ಲವರು ಯಾರಿದ್ದಾರೆ? ಒಡೆದರೆ ನೂರು, ಒಡೆಯದಿದ್ದರೆ ನೂರೈವತ್ತು ಅಂದರೆ ಸುತ್ತಿಗೆ ತಾನಾಗಿ ಕೆಳಗೆ ಬೀಳುತ್ತದೆ. ಇದಕ್ಕೆ ಹಣ ಎಲ್ಲಿದೆ ಅಂತ ಕೇಳುವವರು, ಟಿವಿ ಕೊಳ್ಳೋಕೆ ಹಣ ಎಲ್ಲಿತ್ತು ಅಂತ ಮೊದಲು ಹೇಳಲಿ.

ಅಲ್ಲಿಯವರೆಗೆ ನಮ್ಮ ಕೈಲಿರುವುದು ಒಂದೇ, ಒಡೆಯಲು ಬಿಡದೆ ಇಡುವುದು. ಕೆಟ್ಟ ಟಿವಿಯನ್ನು ಮಳೆ ಬೀಳದ ಕಡೆ, ಗಾಜಿನ ಮುಖ ಗೋಡೆಗೆ ಮಾಡಿ ಇಡಿ. ಹಿಂದಿನ ಮುಚ್ಚಳ ಬಿಚ್ಚಬೇಡಿ, ತಾಮ್ರದ ಆಸೆಗೆ ಹುಡುಗರನ್ನು ಬಿಡಬೇಡಿ. ಈಗಾಗಲೇ ಒಡೆದಿದ್ದರೆ ಪೊರಕೆಯಿಂದ ಒಣಗಿದ್ದಂತೆ ಗುಡಿಸಬೇಡಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಎತ್ತಿ, ಬಟ್ಟೆಯನ್ನೂ ಗಾಜಿನ ಜೊತೆಗೇ ದಪ್ಪ ಚೀಲಕ್ಕೆ ಹಾಕಿ ಕಟ್ಟಿ ಎತ್ತಿಡಿ, ಕೈ ತೊಳೆಯಿರಿ. ಹೊಸ ಟಿವಿ ಕೊಳ್ಳುವಾಗ ಅಂಗಡಿಯವನನ್ನು ಒಂದು ಮಾತು ಕೇಳಿ: ಇದು ಕೆಟ್ಟರೆ ಯಾರು ತಗೋತಾರೆ, ಬಿಲ್ಲಿನ ಮೇಲೆ ಬರೆದುಕೊಡಿ ಅಂತ. ಬರೆದುಕೊಡುವುದಿಲ್ಲ, ನನಗೆ ಗೊತ್ತು. ಹತ್ತು ಜನ ಕೇಳಿದರೆ ಅವನು ಕಂಪನಿಯವರನ್ನು ಕೇಳುತ್ತಾನೆ.

ಅಕ್ಟೋಬರ್ 2ಕ್ಕೆ ಸುತ್ತಿನ ಹಳ್ಳಿಗಳಲ್ಲಿ ಗ್ರಾಮಸಭೆ ಇದೆ. ಅಲ್ಲಿ ಬರೀ ಬಾಯಿಮಾತು ನಡೆಯೋದಿಲ್ಲ, ಲೆಕ್ಕ ಬೇಕು. ಅದಕ್ಕೆ ಓದುಮನೆಯ ಮೇಜಿನ ಮೇಲೆ, ದಿನಪತ್ರಿಕೆ ಇಡುವ ಕಡೆ, ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮನೆಯಲ್ಲಿ ಡಬ್ಬಾ ಟಿವಿ ಇರುವವರು ಬೀದಿಯ ಹೆಸರು, ಟಿವಿ ಎಷ್ಟು, ಸರ್ಕಾರದ್ದೋ ಸ್ವಂತದ್ದೋ, ಟ್ಯೂಬ್ ಇಡಿಯಾಗಿದೆಯೋ ಇಲ್ಲವೋ, ಇಷ್ಟು ಬರೆಯಿರಿ. ತಮಿಳಿನಲ್ಲಿ ಬರೆದರೂ ಆಗುತ್ತದೆ. ಬರೆಯೋಕೆ ಬಾರದವರು ಸಂಜೆ ಆರರ ಮೇಲೆ ಬನ್ನಿ, ನಾನಿರುತ್ತೇನೆ. ಈಗ ಎರಡು ಪುಟ ತುಂಬಿದೆ. ಪೆನ್ನನ್ನು ದಾರದಲ್ಲಿ ಮೇಜಿನ ಕಾಲಿಗೆ ಕಟ್ಟಿದ್ದೇನೆ, ದಯವಿಟ್ಟು ಬಿಚ್ಚಿಕೊಂಡು ಹೋಗಬೇಡಿ.